ಮೂವತ್ತು ಗ್ರಾಂ ಕ್ಯಾವಿಯರ್

ಕಳೆದ ಡಿಸೆಂಬರಿನ ಒಂದು ಶನಿವಾರ ಬೆಳಗಿನ ಜಾವ ಶಿವಮೊಗ್ಗದ ರೈಲು ನಿಲ್ದಾಣದಲ್ಲಿ ಇಳಿದಾಗ, ಬಟ್ಟೆಬರೆಯ ಚೀಲಕ್ಕಿಂತ ಹೆಚ್ಚು ಜೋಪಾನವಾಗಿ ನಾನು ಹಿಡಿದುಕೊಂಡಿದ್ದುದು ಅಗಲ ಬಾಯಿಯ ಒಂದು ಫ್ಲಾಸ್ಕನ್ನು. ಅದರ ತುಂಬ ಪುಡಿ ಮಾಡಿದ ಐಸು, ಐಸಿನ ನಡುವೆ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಸುತ್ತಿದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ತಗಡಿನ ಡಬ್ಬಿ. ಅದರಲ್ಲಿದ್ದುದು 30 ಗ್ರಾಂ ಕ್ಯಾವಿಯರ್, ಅಂದರೆ ಉಪ್ಪು ಬೆರೆಸಿದ ಮೀನಿನ ತತ್ತಿ. ತೀರ್ಥಹಳ್ಳಿಯ ಆಚೆಗಿರುವ ನಮ್ಮ ಮನೆಯಲ್ಲಿ, ಹೊಳೆಮೀನಿನ ತತ್ತಿಯನ್ನು ಅರವತ್ತು ವರ್ಷಗಳಿಂದ ಅಡುಗೆ ಮಾಡುತ್ತ ಬಂದಿರುವ ಅಮ್ಮನ ಮುಂದೆ ಅದನ್ನು ತೆರೆಯಬೇಕೆಂಬುದು ಬಹುದಿನಗಳಿಂದ ಇದ್ದ ಆಸೆ.

ಆ ಆಸೆಗೆ ಎರಡು ವರ್ಷ ಮೊದಲು ಒಮ್ಮೆ ಪೆಟ್ಟು ಬಿದ್ದಿತ್ತು. ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಕ್ಯಾವಿಯರ್ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ ಗಾಜಿನ ಸೀಸೆಯೊಂದನ್ನು, ಅಂಗಡಿಯವರ ಭರವಸೆಯನ್ನೇ ನಂಬಿ ಕೊಂಡು ತಂದಿದ್ದೆ. ಬೇಯಿಸಿದ ಕೋಳಿಮೊಟ್ಟೆಯ ಹೋಳುಗಳ ಮೇಲೆ ಅದನ್ನು ಇಟ್ಟ ಸ್ವಲ್ಪ ಹೊತ್ತಿಗೆಲ್ಲ ಕಪ್ಪು ಬಣ್ಣ ಬಿಟ್ಟು, ಮೊಟ್ಟೆಯ ಬಿಳಿಯ ಭಾಗವೆಲ್ಲ ಶಾಯಿ ಚೆಲ್ಲಿದಂತಾಯಿತು. ನಾಲಿಗೆಗೆ ಸಿಕ್ಕಿದ್ದು ಬರಿಯ ಉಪ್ಪು. ಆಮೇಲೆ ಸೀಸೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಾಗ, ಅದು ಉತ್ತರ ಅಟ್ಲಾಂಟಿಕ್ಕಿನ ಲಂಪ್‌ಫಿಶ್ ಎಂಬ ಬೇರೆಯೇ ಮೀನಿನ ತತ್ತಿ, ಕಪ್ಪು ಬಣ್ಣ ಹಾಕಿ, ಕೆಡದಿರಲೆಂದು ಬಿಸಿ ಮಾಡಿ ತುಂಬಿದ್ದು ಎಂದು ತಿಳಿಯಿತು. ಬೆಲೆ ಕಡಿಮೆಯೇ ಇತ್ತು ನಿಜ, ಆದರೆ ಅಂದು ಅಮ್ಮ ಏನೂ ಹೇಳದೆ ಎದ್ದು ಹೋಗಿ ಬಾಯಿ ತೊಳೆದುಕೊಂಡದ್ದು ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದುಬಿಟ್ಟಿತ್ತು.

ಆದ್ದರಿಂದ ಈ ಸಲ ಕೊಳ್ಳುವ ಮೊದಲು ತಿಳಿದುಕೊಂಡು ಕೊಂಡೆ. ಬೇರೆ ಯಾವ ಮೀನಿನ ಹೆಸರೂ ಸೇರದೆ ಬರಿಯ ಕ್ಯಾವಿಯರ್ ಎಂದರೆ ಅದು ಸ್ಟರ್ಜನ್ ಮೀನಿನ ತತ್ತಿ ಮಾತ್ರ. ಕ್ಯಾಸ್ಪಿಯನ್ ಸಮುದ್ರದ ಬೆಲುಗಾ, ಒಸೆಟ್ರಾ, ಸೆವ್ರುಗಾ ಎಂಬ ಮೂರು ಹೆಸರುಗಳು ಬಹುಕಾಲ ಇದರ ಹೆಗ್ಗಳಿಕೆಯಾಗಿದ್ದವು; ಮಿತಿಮೀರಿ ಹಿಡಿದು ಆ ಮೀನುಗಳ ಸಂತತಿ ಕುಸಿದಾಗ, 1998ರಲ್ಲಿ ಸ್ಟರ್ಜನ್‌ನ ಎಲ್ಲ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರವನ್ನೂ, ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಹತೋಟಿಗೆ ತರಲಾಯಿತು. ಇಂದು ಮಾರುಕಟ್ಟೆಗೆ ಬರುವುದರಲ್ಲಿ ಹೆಚ್ಚಿನದು ಸಾಕಿದ ಮೀನಿನದು, ಅದರಲ್ಲಿ ದೊಡ್ಡ ಪಾಲು ಚೀನಾದ್ದು. ಚೀನಾದ್ದೆಂದ ಮಾತ್ರಕ್ಕೆ ಕೀಳೆಂದು ತಿಳಿಯುವವರಿದ್ದಾರೆ, ನನಗೆ ಅದು ಸರಿಯೆನಿಸುವುದಿಲ್ಲ. ನದಿ ಸಮುದ್ರಗಳಲ್ಲಿ ತಾನಾಗಿ ಬೆಳೆಯುವ ಮೀನಿನ ಜೀವ ಉಳಿಸಿದ ಸಾಕಣೆಯನ್ನು ನಾನು ಗೌರವದಿಂದಲೇ ಕಾಣುತ್ತೇನೆ.

ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು ಬೆಲೆಯನ್ನಲ್ಲ, ಡಬ್ಬಿಯ ಮೇಲಿನ ಚೀಟಿಯನ್ನು ತೋರಿಸಿ ಎಂದು. ಮುಚ್ಚಳ ತೆರೆದರೆ ಹರಿದುಹೋಗುವಂತೆ ಅಂಟಿಸಿದ ಆ ಚೀಟಿಯಲ್ಲಿ ಓರೆಗೆರೆಗಳಿಂದ ಬೇರ್ಪಡಿಸಿದ ಒಂದು ಸಂಕೇತವಿರುತ್ತದೆ. ನಾನು ಕೊಂಡದ್ದರಲ್ಲಿ ಮೊದಲಿಗೆ ‘ಬಿಎಇ’ ಎಂದಿತ್ತು, ಅಂದರೆ ಸೈಬೀರಿಯದ ಸ್ಟರ್ಜನ್. ಅನಂತರದ ‘ಸಿ’ ಎಂದರೆ ಸಾಕಿ ಬೆಳೆಸಿದ್ದು, ಸಾಕದೆ ತಾನಾಗಿ ಬೆಳೆದ ಮೀನಿನದಾಗಿದ್ದರೆ ಅಲ್ಲಿ ‘ಡಬ್ಲ್ಯು’ ಇರುತ್ತಿತ್ತು. ‘ಸಿಎನ್’ ಎಂದರೆ ಚೀನಾ. ಮುಂದೆ ತತ್ತಿ ತೆಗೆದ ವರ್ಷ, ಸಂಸ್ಕರಣಾ ಘಟಕದ ನೋಂದಣಿ ಸಂಖ್ಯೆ, ಕೊನೆಗೆ ಆ ಕಂತಿನ ಸಂಖ್ಯೆ. ಮಿರುಗುವ ಡಬ್ಬಿಯ ಚಿತ್ರಕ್ಕಿಂತ ಈ ಒಂದು ಸಾಲು ಹೇಳುವುದೇ ಹೆಚ್ಚು, ಮತ್ತು ಈ ಸಾಲಿಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು. ‘ಮಲೊಸೊಲ್’ ಎಂಬ ಪದವನ್ನೂ ಹುಡುಕಿದೆ. ರಷ್ಯನ್ ಭಾಷೆಯಲ್ಲಿ ಅದಕ್ಕೆ ಕಡಿಮೆ ಉಪ್ಪು ಎಂದರ್ಥ. ತತ್ತಿ ಒಳ್ಳೆಯದಾಗಿದ್ದಷ್ಟೂ ಕಡಿಮೆ ಉಪ್ಪು ಸಾಕು, ಉಪ್ಪು ಕಡಿಮೆಯಾದಷ್ಟೂ ಅದು ಬೇಗ ಕೆಡುತ್ತದೆ. ಒಳ್ಳೆಯ ಕ್ಯಾವಿಯರನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಕಾಪಾಡಬೇಕಾದದ್ದು ಇದರಿಂದಾಗಿಯೇ. ಕೊಟ್ಟ ಹಣದಲ್ಲಿ ನಮ್ಮ ಮನೆಗೆ ಮೂರು ತಿಂಗಳ ಅಕ್ಕಿ ಬರುತ್ತಿತ್ತು, ಮತ್ತು ಅದನ್ನು ಎಣಿಸಿ ಕೊಡುವಾಗ ಕೈ ತುಸು ಹಿಂಜರಿದದ್ದು ಸುಳ್ಳಲ್ಲ.

ಫ್ಲಾಸ್ಕಿನ ಉಪಾಯ ನನ್ನದೇ. ಕರಗುತ್ತಿರುವ ಐಸು ಪೂರ್ತಿ ಕರಗುವವರೆಗೂ ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ. ಕ್ಯಾವಿಯರಿಗೆ ಬೇಕಾದದ್ದೂ ಅಷ್ಟೇ. ಫ್ರೀಜರಿನಲ್ಲಿ ಇಟ್ಟರೆ ಕಾಳುಗಳ ಸಿಪ್ಪೆ ಒಡೆದು ಮುದ್ದೆಯಾಗುತ್ತದೆ.

ತೀರ್ಥಹಳ್ಳಿಯ ಬಸ್ಸು ಗಾಜನೂರನ್ನು ದಾಟುವಾಗ ತುಂಗೆಯ ಅಣೆಕಟ್ಟಿನ ನೀರಿನ ಮೇಲೆ ಮಂಜು ಕೂತಿತ್ತು. ನಮ್ಮ ಕಡೆ ಮುಂಗಾರಿನ ಮೊದಲ ಮಳೆಗೆ ತತ್ತಿ ಇಡಲು ಪ್ರವಾಹಕ್ಕೆ ಎದುರಾಗಿ ಏರಿ ಬರುವ ಮೀನನ್ನು ಹತ್ತುಮೀನು ಎನ್ನುತ್ತಾರೆ. ಹಳ್ಳದ ಬಾಯಿಗೆ ಕೂಣಿ ಒಡ್ಡಿ, ತತ್ತಿ ತುಂಬಿದ ಮೀನುಗಳನ್ನು ಬುಟ್ಟಿಗಟ್ಟಲೆ ಹಿಡಿಯುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ, ತಿಂದೂ ಇದ್ದೇನೆ. ಕ್ಯಾಸ್ಪಿಯನ್ನಿನ ಬೆಲುಗಾ ಕೂಡ ಹೀಗೆಯೇ ತತ್ತಿ ಇಡಲು ವೋಲ್ಗಾ ನದಿಯನ್ನು ಏರುತ್ತಿತ್ತು. 1950ರ ದಶಕದ ಕೊನೆಯಲ್ಲಿ ವೋಲ್ಗೊಗ್ರಾದ್ ಬಳಿ ನದಿಗೆ ಅಡ್ಡವಾಗಿ ಕಟ್ಟೆ ಬಂದ ಮೇಲೆ, ಅದು ತಲೆಮಾರುಗಳಿಂದ ತತ್ತಿ ಇಡುತ್ತಿದ್ದ ಮೇಲ್ಭಾಗದ ತಾಣಗಳ ದಾರಿಯೇ ಮುಚ್ಚಿಹೋಯಿತು. ನಮ್ಮ ಹಳ್ಳದ ಮೀನುಗಳಲ್ಲಿ ಹಲವು ಒಂದೆರಡು ವರ್ಷಕ್ಕೇ ತತ್ತಿ ಕಟ್ಟುತ್ತವೆ; ಬೆಲುಗಾಕ್ಕೆ ಹದಿನೈದು ವರ್ಷಕ್ಕೂ ಹೆಚ್ಚು ಬೇಕು. ಅಂಥ ಮೀನನ್ನು ಹತ್ತುಮೀನಿನಂತೆ ಹಿಡಿಯುತ್ತ ಹೋದರೆ ಏನಾಗಬಹುದೆಂದು ಲೆಕ್ಕ ಹಾಕಲು ಪಂಡಿತರು ಬೇಕಿಲ್ಲ. ಚೀಟಿಯ ಮೇಲಿನ ‘ಸಿ’ ಅಕ್ಷರ ನನಗೆ ಅಷ್ಟು ಮುಖ್ಯವಾದದ್ದು ಇದಕ್ಕೇ.

ಮನೆ ಮುಟ್ಟಿದಾಗ ಅಂಗಳದಲ್ಲಿ ಅಡಿಕೆ ಬೇಯುತ್ತಿತ್ತು. ಚೊಗರಿನ ವಾಸನೆ, ಒಲೆಯ ಹೊಗೆ ಎರಡೂ ಸೇರಿ ಜಗಲಿಯವರೆಗೆ ತುಂಬಿದ್ದರಿಂದ ನಾವು ಹಿತ್ತಿಲ ಕಡೆಯ ಕಟ್ಟೆಯ ಮೇಲೆ ಕೂತೆವು. ಅಮ್ಮನ ಬಾಯಲ್ಲಿ ಕವಳವಿತ್ತು. ಸುಣ್ಣ, ಎಲೆ, ಹೊಗೆಸೊಪ್ಪು ತಾಗಿದ ನಾಲಿಗೆಗೆ ಇಷ್ಟು ಮೆಲುವಾದ ರುಚಿ ಹತ್ತಲಾರದೆಂದು ಹೇಳಿದಾಗ, ಅವಳು ಬಿಸಿನೀರಿನಿಂದ ಎರಡು ಸಲ ಬಾಯಿ ಮುಕ್ಕಳಿಸಿ ಬಂದಳು. ಬೆಳ್ಳಿಯ ಚಮಚ ಇದರ ರುಚಿ ಕೆಡಿಸುತ್ತದೆ, ಮುತ್ತಿನ ಚಿಪ್ಪಿನ ಚಮಚ ಒಳ್ಳೆಯದು ಎಂದು ವಿವರಿಸುತ್ತಿದ್ದಂತೆಯೇ ಅವಳು ಹಲಸಿನ ಎರಡು ಎಲೆ ಕಿತ್ತು, ಮಡಚಿ, ತೆಂಗಿನ ಕಡ್ಡಿ ಚುಚ್ಚಿ, ಹಿಂದೆ ಗಂಜಿ ಕುಡಿಯಲು ಮಾಡುತ್ತಿದ್ದಂಥ ಚಮಚಗಳನ್ನು ಮಾಡಿಬಿಟ್ಟಳು. ಅದಕ್ಕಿಂತ ಒಳ್ಳೆಯ ಚಮಚ ನನಗೆ ತೋಚುವುದಿಲ್ಲ.

ಮುಚ್ಚಳ ತೆಗೆದಾಗ ಕಾಳುಗಳು ಒಂದಕ್ಕೊಂದು ಅಂಟದೆ, ಸಾಸಿವೆಗಿಂತ ತುಸು ದಪ್ಪವಾಗಿ, ಕಂದುಗಪ್ಪು ಬಣ್ಣದಲ್ಲಿ ಹೊಳೆಯುತ್ತಿದ್ದವು. ಅಡಿಯಲ್ಲಿ ಎಣ್ಣೆಯಾಗಲಿ ನೀರಾಗಲಿ ನಿಂತಿರಲಿಲ್ಲ. ಅಮ್ಮ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, “ವಾಸನೆ ಇಲ್ಲ ಕಣೋ, ಹೊಸದೇ ಇದು” ಎಂದಳು. ಕ್ಯಾವಿಯರ್ ಬಲ್ಲವರು ಹೇಳುವುದೂ ಇದನ್ನೇ: ಮೀನಿನ ವಾಸನೆ ಬಂತೆಂದರೆ ಅದು ಹಳತಾಗಿದೆ. ಅವಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

“ಬೇಯ್ಸದೆ ಹಾಗೇ ತಿನ್ನೋದೇನೋ?” ಎಂದು ಮಾತ್ರ ಕೇಳಿದಳು. ಅವಳ ಕೈಯಲ್ಲಿ ತತ್ತಿ ಎಂದರೆ ಚೀಲ ಒಡೆಯದಂತೆ ಇಡಿಯಾಗಿ ತೆಗೆದು, ಅರಿಶಿನ ಉಪ್ಪು ಸವರಿ, ಒಣಮೆಣಸು ಮತ್ತು ವಾಟೆಹುಳಿಯ ಮಸಾಲೆಯಲ್ಲಿ ಕಾವಲಿಯ ಮೇಲೆ ಬೇಯಿಸುವುದು. ಕ್ಯಾವಿಯರಿಗಾದರೆ ತತ್ತಿಯನ್ನು ಚೀಲದಿಂದ ಬಿಡಿಸಿ, ಜರಡಿಯ ಮೇಲೆ ಮೆಲ್ಲನೆ ಉಜ್ಜಿ ಕಾಳು ಬೇರೆ ಮಾಡಿ, ತಣ್ಣೀರಿನಲ್ಲಿ ತೊಳೆದು ಸೋಸಿ, ಅಳತೆಯ ಉಪ್ಪು ಬೆರೆಸಿ ಡಬ್ಬಿಗೆ ತುಂಬುತ್ತಾರೆಂದು ಹೇಳಿದೆ. ಜರಡಿಯ ಮಾತನ್ನು ಅವಳು ಎರಡು ಸಲ ಕೇಳಿ ತಿಳಿದುಕೊಂಡಳು.

ಎಡಗೈ ಹೆಬ್ಬೆರಳು ತೋರುಬೆರಳುಗಳ ಬುಡದಲ್ಲಿ, ಕೈಯ ಹಿಂಬದಿಗೆ, ನಾಲ್ಕಾರು ಕಾಳು ಇಟ್ಟುಕೊಂಡು ಮೈಯ ಬಿಸಿ ತಾಗಲು ಬಿಟ್ಟು ನೇರವಾಗಿ ಬಾಯಿಗೆ ಹಾಕಿಕೊಂಡೆವು. ಅಗಿಯಬಾರದು, ನಾಲಿಗೆಯಿಂದ ಅಂಗುಳಕ್ಕೆ ಒತ್ತಬೇಕು. ಮೊದಲು ಹಗುರವಾದ ಉಪ್ಪು, ಆಮೇಲೆ ಕಾಳು ಒಡೆದು ಬೆಣ್ಣೆಯಂಥ ಒಂದು ನುಣುಪು, ಕೊನೆಯಲ್ಲಿ ಹಸಿ ಗೇರುಬೀಜವನ್ನು ನೆನಪಿಸುವ, ಬಹಳ ಹೊತ್ತು ಉಳಿಯುವ ರುಚಿ. ಎರಡು ವರ್ಷದ ಹಿಂದಿನ ಸೀಸೆಗೂ ಇದಕ್ಕೂ ಹೆಸರೊಂದನ್ನು ಬಿಟ್ಟರೆ ಬೇರೆ ಸಂಬಂಧವಿರಲಿಲ್ಲ. ಅನಂತರ ಆಗಷ್ಟೇ ಎರೆದ ನೀರುದೋಸೆಯನ್ನು ಆರಲು ಬಿಟ್ಟು, ಅದರ ಚೂರುಗಳ ಮೇಲೆ ಇಟ್ಟುಕೊಂಡು ತಿಂದೆವು. ದೋಸೆ ಬಿಸಿಯಾಗಿದ್ದರೆ ತತ್ತಿಯ ಹದ ಕೆಡುತ್ತದೆ. ಈರುಳ್ಳಿ, ನಿಂಬೆರಸ ಎರಡನ್ನೂ ನಾನು ಬೇಕೆಂದೇ ದೂರವಿಟ್ಟಿದ್ದೆ. ಒಳ್ಳೆಯ ಡಬ್ಬಿಗೆ ಅವು ಅನ್ಯಾಯ ಮಾಡುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತೆರೆದ ಡಬ್ಬಿಯನ್ನು ಐಸಿನಲ್ಲಿಟ್ಟರೆ ಎರಡು ಮೂರು ದಿನ ಇರುತ್ತದೆ ಎಂದೆ. ಅಮ್ಮ ಅದಕ್ಕೆ ಒಪ್ಪಲಿಲ್ಲ. ಹಲಸಿನ ಎಲೆಯ ತುದಿಯಿಂದ ಡಬ್ಬಿಯ ಅಂಚನ್ನು ಸುತ್ತಲೂ ಸವರಿ ಕೊನೆಯ ಕಾಳುಗಳನ್ನು ನನ್ನ ದೋಸೆಯ ಚೂರಿನ ಮೇಲೆ ಹಾಕಿದಳು. ಆ ಮೀನು ತತ್ತಿ ಕಟ್ಟಲು ಎಷ್ಟು ವರ್ಷ ಬೇಕೆಂದು ಕೇಳಿದಳು. ಸಾಕಿದ ಸೈಬೀರಿಯನ್ ಸ್ಟರ್ಜನ್ ಆದರೆ ಏಳೆಂಟು ವರ್ಷ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಖಾಲಿ ಡಬ್ಬಿಯನ್ನು ತೊಳೆಯಲು ಎತ್ತಿಕೊಂಡು, “ಇನ್ನೊಂದ್ಸಲ ತರೋದಾದ್ರೆ ಉಪ್ಪು ಇಷ್ಟೇ ಇರೋದು ನೋಡ್ಕೊಂಡು ತಾ” ಎಂದು ಹೇಳಿ ಅಡಿಕೆ ಹಂಡೆಯ ಕಡೆಗೆ ಹೋದಳು.