‘ಇದರಲ್ಲಿ ಏನೂ ಆಗೋದೇ ಇಲ್ವಲ್ಲ?’

ಸ್ಕಾರ್ನ್ ಎಂಬ ಇಂಗ್ಲೆಂಡಿನ ಸಂಗೀತ ತಂಡದ ‘ಇವ್ಯಾನೆಸೆನ್ಸ್’ (1994) ಆಲ್ಬಮ್ ಕೇಳಿ ಅಂತ ಯಾರಿಗೆ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ: “ಇದರಲ್ಲಿ ಏನೂ ಆಗೋದೇ ಇಲ್ವಲ್ಲ, ಏನು ಕೇಳ್ತೀರಿ?”

ಯಾವುದರಲ್ಲಿ ಕೇಳಿದಿರಿ ಅಂತ ನಾನು ವಾಪಸ್ ಕೇಳುತ್ತೇನೆ. ಫೋನಿನ ಸ್ಪೀಕರ್‌ನಲ್ಲಿ ಅಂದರೆ ನಿಮ್ಮ ಮಾತು ಸರಿ. ಆ ಪುಟ್ಟ ಸ್ಪೀಕರ್‌ನಲ್ಲಿ ಆಳದ ಬೇಸ್ ಬರುವುದೇ ಇಲ್ಲ. ಈ ಆಲ್ಬಮ್‌ನಲ್ಲಿ ಆಗುವುದೆಲ್ಲ ಅಲ್ಲೇ.

ಇದರ ಬೇರು ಡಬ್ ಎಂಬ ಸಂಗೀತದಲ್ಲಿದೆ. ಡಬ್ ಜಮೈಕಾದ್ದು. ಕಿಂಗ್‌ಸ್ಟನ್‌ನಲ್ಲಿ ಎಲೆಕ್ಟ್ರಾನಿಕ್ ಸಾಮಾನು ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ 1970ರ ದಶಕದಲ್ಲಿ ರೆಗೆ ಹಾಡುಗಳಿಂದ ದನಿ ತೆಗೆದರು, ಗಿಟಾರನ್ನು ಅಲ್ಲೊಂದು ಇಲ್ಲೊಂದು ತುಣುಕಾಗಿ ಉಳಿಸಿದರು, ಡ್ರಮ್ ಮತ್ತು ಬೇಸನ್ನು ಮುಂದಕ್ಕೆ ತಂದರು. ಖಾಲಿಯಾದ ಜಾಗದಲ್ಲಿ ಎಕೋ ತುಂಬಿಸಿದರು. ಅಲ್ಲಿ ತೆಗೆಯುವುದೇ ಕಸುಬು.

ಸ್ಕಾರ್ನ್‌ನವರು ಇದಕ್ಕೆ ಬಂದ ದಾರಿ ಮಾತ್ರ ವಿಚಿತ್ರ. ಮಿಕ್ ಹ್ಯಾರಿಸ್ ಮತ್ತು ನಿಕ್ ಬುಲೆನ್ ಇಬ್ಬರೂ ಮೊದಲು ಶರವೇಗದ ಮೆಟಲ್ ರಾಕ್ ನುಡಿಸುವ ಇಂಗ್ಲೆಂಡಿನ ನೇಪಾಮ್ ಡೆತ್ ತಂಡದಲ್ಲಿದ್ದವರು. ಆ ತಂಡದ 1987ರ ಮೊದಲ ಆಲ್ಬಮ್‌ನಲ್ಲಿ ಒಂದು ಸೆಕೆಂಡ್ ಚಿಲ್ಲರೆಯ ಹಾಡಿದೆ. ಜಗತ್ತಿನ ಅತಿ ಚಿಕ್ಕ ಹಾಡು ಅಂತ ಗಿನ್ನೆಸ್‌ನಲ್ಲಿ ದಾಖಲಾಗಿದ್ದು ಅದೇ. ಅದರಲ್ಲಿ ಡ್ರಮ್ ಹ್ಯಾರಿಸ್‌ದು, ದನಿ ಬುಲೆನ್‌ದು. ಅಷ್ಟು ವೇಗದವರು ಏಳೇ ವರ್ಷದಲ್ಲಿ ಒಂದೇ ಬೇಸ್ ಸಾಲನ್ನು ನಿಮಿಷಗಟ್ಟಲೆ ಎಳೆಯುತ್ತ ಕೂತರು. ಮೇಲೆ ಕಾರ್ಖಾನೆಯ ಯಂತ್ರದಂಥ ಡ್ರಮ್. ಬುಲೆನ್ ಹಾಡುವುದಕ್ಕಿಂತ ಗೊಣಗುವುದೇ ಜಾಸ್ತಿ. ನನ್ನ ಕೇಳಿದರೆ ಅದೂ ಬೇಡವಾಗಿತ್ತು.

ಇದು ಯಾವ ಬಗೆಯ ಸಂಗೀತ? ಕಷ್ಟ ಇದ್ದದ್ದು ಇದನ್ನು ಯಾವ ಸಾಲಿಗೆ ಸೇರಿಸೋದು ಅನ್ನೋದರಲ್ಲಿ. ಹೊರತಂದದ್ದು ಇಯರೇಕ್, ಅಬ್ಬರದ ಮೆಟಲ್‌ಗೇ ಹೆಸರಾದ ಕಂಪನಿ. ಆದರೆ ಮುಂದಿನ ವರ್ಷ ಬಂದ ‘ಎಲಿಪ್ಸಿಸ್’ ಎಂಬ ರೀಮಿಕ್ಸ್ ಆಲ್ಬಮ್‌ನಲ್ಲಿ, ಅಂದರೆ ಇವೇ ಹಾಡುಗಳನ್ನು ಬೇರೆಯವರು ಮರುರೂಪಿಸಿದ ಆಲ್ಬಮ್‌ನಲ್ಲಿ, ಎಲೆಕ್ಟ್ರಾನಿಕ್ ಪ್ರಯೋಗಗಳ ಕಾಯ್ಲ್ ಮತ್ತು ಆಟೆಕರ್ ತಂಡಗಳ, ಬೇಸ್ ವಾದಕ ಬಿಲ್ ಲಾಸ್ವೆಲ್ ಹೆಸರುಗಳಿವೆ. ಇವರ್ಯಾರೂ ಮೆಟಲ್‌ನವರಲ್ಲ. ಈ ಸಂಗೀತದ ನಿಜವಾದ ನಂಟಸ್ತಿಕೆ ಎಲ್ಲಿತ್ತು ಅಂತ ಆ ಪಟ್ಟಿಯೇ ಹೇಳುತ್ತದೆ, ಅಲ್ವಾ?

ಆಮೇಲೆ ಡಬ್‌ಸ್ಟೆಪ್ ಎಂಬ ಭಾರೀ ಬೇಸಿನ ಎಲೆಕ್ಟ್ರಾನಿಕ್ ಸಂಗೀತ ಬಂತು. ‘ಇವ್ಯಾನೆಸೆನ್ಸ್’ ಅದರ ಮೂಲಪುರುಷ ಅಂತ ಬರೆಯೋದು ರೂಢಿಯಾಯಿತು. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೇಸಿನ ತೂಕ, ಡ್ರಮ್‌ಗಳ ನಡುವಿನ ಖಾಲಿ ಜಾಗ ಎರಡರಲ್ಲೂ ಒಂದೇ ಥರ. ಆದರೆ ಡಬ್‌ಸ್ಟೆಪ್ ಬೆಳೆದದ್ದು ದಕ್ಷಿಣ ಲಂಡನ್‌ನಲ್ಲಿ, ಗ್ಯಾರೇಜ್ ಎಂಬ ಕುಣಿತದ ಸಂಗೀತದಿಂದ. ‘ಇವ್ಯಾನೆಸೆನ್ಸ್’ಗೆ ಯಾರನ್ನೂ ಕುಣಿಸುವ ಇರಾದೆ ಇರಲಿಲ್ಲ.