ದಾಬಸ್‌ಪೇಟೆ, ರಾಬರ್ಟ್‌ಸನ್‌ಪೇಟೆ: ಎರಡು ಪೇಟೆ, ಒಂದೇ ಹೆಸರು

ತುಮಕೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಕ್ಯಾತ್ಸಂದ್ರ, ಹಿರೇಹಳ್ಳಿಗಳನ್ನು ದಾಟಿದ ಮೇಲೆ ದಾಬಸ್‌ಪೇಟೆ ಸಿಗುತ್ತದೆ. ಆಡಳಿತದ ಲೆಕ್ಕದಲ್ಲಿ ಅದು ನೆಲಮಂಗಲ ತಾಲ್ಲೂಕಿಗೆ ಸೇರಿದ್ದರೂ ಶಿವಗಂಗೆಗೆ ಹೋಗಿ ಬರುವ ತುಮಕೂರಿನವರಿಗೆ ಅದು ಹೊರಗಿನ ಊರೇನಲ್ಲ. ಕೆಲಸದ ನಿಮಿತ್ತ ಆ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದ ನಾನು ಹೆಸರಿನ ಬಗ್ಗೆ ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ. ಈಚೆಗೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗನೊಬ್ಬ, “ರಸ್ತೆ ಪಕ್ಕ ಡಾಬಾಗಳು ಜಾಸ್ತಿ ಅಲ್ವಾ ಸರ್, ಅದಕ್ಕೇ ಡಾಬಾಸ್ ಪೇಟೆ” ಎಂದು ಪೂರ್ಣ ವಿಶ್ವಾಸದಿಂದ ಹೇಳಿದಾಗ, ಅವನ ಮಾತನ್ನು ತಿದ್ದುವುದಕ್ಕಾದರೂ ನಾನು ಸರಿಯಾಗಿ ತಿಳಿದುಕೊಳ್ಳಬೇಕೆನಿಸಿತು.

ಈ ಪೇಟೆಗೆ ಹೆಸರು ಬಂದದ್ದು ರಿಚರ್ಡ್ ಸ್ಟೂವರ್ಟ್ ಡಾಬ್ಸ್ ಎಂಬ ಸೇನಾಧಿಕಾರಿಯಿಂದ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದಾಗ, ತುಮಕೂರನ್ನೂ ಒಳಗೊಂಡ ಚಿತ್ರದುರ್ಗ ವಿಭಾಗದ ಆಡಳಿತ ಈ ಡಾಬ್ಸ್ ಕೈಯಲ್ಲಿತ್ತು. ಇಷ್ಟನ್ನು ನಮ್ಮ ಕಡೆಯ ಹಿರಿಯರಲ್ಲಿ ಕೆಲವರಾದರೂ ಬಲ್ಲರು. ಆದರೆ ಡಾಬ್ಸ್ ಎಂದರೇನು ಎಂದು ಹುಡುಕಹೊರಟ ನಾನು ಕೋಲಾರದ ಚಿನ್ನದ ಗಣಿಯ ಹತ್ತಿರಕ್ಕೆ ಹೋಗಿ ನಿಂತೆ.

ಡಾಬ್ ಎಂಬುದು ರಾಬರ್ಟ್ ಎಂಬ ಹೆಸರಿನ ಮುದ್ದಿನ ರೂಪ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಈ ಹೆಸರಿನ ಸುಗ್ಗಿಯೇ ಆಯಿತು. ಗೆದ್ದ ವಿಲಿಯಮ್‌ನ ತಂದೆಯೂ ರಾಬರ್ಟ್, ಹಿರಿಯ ಮಗನೂ ರಾಬರ್ಟ್. ಒಂದೇ ಹಟ್ಟಿಯಲ್ಲಿ ನಾಲ್ಕು ಜನ ನರಸಿಂಹಯ್ಯಂದಿರಿದ್ದರೆ ನಾವು ಒಬ್ಬನನ್ನು ನರಸಿಂಹ, ಇನ್ನೊಬ್ಬನನ್ನು ನರಸ, ಮತ್ತೊಬ್ಬನನ್ನು ನರಸಣ್ಣ ಎಂದು ಕರೆಯುವಂತೆ ಅಲ್ಲಿಯೂ ರಾಬರ್ಟ್ ಮೊದಲು ರಾಬ್ ಆಯಿತು. ಆಮೇಲೆ ಪ್ರಾಸಕ್ಕೆ ಒಲಿದ ಬಾಯಿಗಳಲ್ಲಿ ಹಾಬ್ ಆಯಿತು, ಡಾಬ್ ಆಯಿತು. ಕಾಫಿಗೆ ಗೀಫಿ, ಪುಸ್ತಕಕ್ಕೆ ಗಿಸ್ತಕ ಎಂದು ಮೊದಲಕ್ಷರವನ್ನಷ್ಟೇ ಬದಲಿಸಿ ಜೋಡಿಸುವ ಕನ್ನಡಿಗರಿಗೆ ಇದು ಸೋಜಿಗವೆನಿಸಬಾರದು. ಡಾಬ್ ಎಂಬವನ ಮಗ ‘ಡಾಬನವನು’, ಅಂದರೆ ಡಾಬ್ಸ್. ಕೊನೆಯ ಸಕಾರ ನಮ್ಮ ಷಷ್ಠೀ ವಿಭಕ್ತಿಯ ‘ಅ’ ಪ್ರತ್ಯಯದ ಕೆಲಸವನ್ನೇ ಮಾಡುತ್ತದೆ. ಹಾಬ್ಸ್, ಹಾಬ್ಸನ್, ಡಾಬ್ಸನ್, ರಾಬಿನ್‌ಸನ್ ಎಂಬ ಮನೆತನದ ಹೆಸರುಗಳೆಲ್ಲ ಇದೇ ಬುಡದಿಂದ ಒಡೆದ ಕವಲುಗಳು.

ಇನ್ನು ರಾಬರ್ಟ್‌ಸನ್‌ಪೇಟೆ. ಕೋಲಾರ ಚಿನ್ನದ ಗಣಿ ಪ್ರದೇಶದ ಈ ಪಟ್ಟಣ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರನ್ನು ಹೊತ್ತಿದೆ. ರಾಬರ್ಟ್‌ಸನ್ ಎಂಬುದು ಮುಖ್ಯವಾಗಿ ಸ್ಕಾಟ್ಲೆಂಡಿನ ಮನೆತನದ ಹೆಸರು. 1437ರಲ್ಲಿ ಸ್ಕಾಟ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ ಕೊಲೆಯಾದಾಗ ಕೊಲೆಗಾರರನ್ನು ಹಿಡಿದುಕೊಟ್ಟ ಪಾಳೆಯಗಾರನೊಬ್ಬನ ಹೆಸರು ರಾಬರ್ಟ್. ಅವನ ವಂಶದವರು ತಮ್ಮನ್ನು ರಾಬರ್ಟ್‌ಸನ್ ಎಂದು ಕರೆದುಕೊಂಡರು. ಹೀಗೆ, ತುಮಕೂರಿನ ರಸ್ತೆಯಲ್ಲೊಂದು, ಕೋಲಾರದ ಮೂಲೆಯಲ್ಲೊಂದು ಇರುವ ಎರಡು ಪೇಟೆಗಳಿಗೂ ಅರ್ಥ ‘ರಾಬರ್ಟನ ಮಗನ ಪೇಟೆ’ ಎಂದೇ. (ಪಕ್ಕದ ಆಂಡರ್ಸನ್‌ಪೇಟೆಯನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅದರ ಹಿಂದಿರುವ ಆಂಡ್ರ್ಯೂ ಗ್ರೀಕ್ ಮೂಲದವನು.)

ನನ್ನನ್ನು ಎರಡು ರಾತ್ರಿ ನಿಘಂಟುಗಳ ಮುಂದೆ ಕೂರಿಸಿದ್ದು ಇದರ ಮುಂದಿನ ಸಂಗತಿ. ರಾಬರ್ಟ್ ಎಂಬುದು ಫ್ರೆಂಚಿನ ಮೂಲಕ ಬಂದರೂ ಹುಟ್ಟಿನಿಂದ ಜರ್ಮಾನಿಕ್ ಪದ. ಅದರ ಹಳೆಯ ರೂಪ ‘ಹ್ರೋದ್‌ಬೆರ್ಹ್ತ್’, ಜರ್ಮನಿಯಲ್ಲಿ ಇದೇ ರುಪ್ರೆಖ್ಟ್ ಎಂದಾಗಿದೆ. ‘ಹ್ರೋದ್’ ಎಂದರೆ ಕೀರ್ತಿ, ‘ಬೆರ್ಹ್ತ್’ ಎಂದರೆ ಹೊಳೆಯುವ. ಅರ್ಥದಲ್ಲಿ ಮಾತ್ರವಲ್ಲ, ಹುಟ್ಟಿನಲ್ಲಿಯೂ ಈ ‘ಹ್ರೋದ್’ ಮತ್ತು ಸಂಸ್ಕೃತದ ‘ಕೀರ್ತಿ’ ಒಂದೇ ಧಾತುವಿಗೆ ಸೇರಿದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತದಲ್ಲಿ ಕಕಾರವಿರುವ ಎಡೆಯಲ್ಲಿ ಜರ್ಮಾನಿಕ್ ಭಾಷೆಗಳಲ್ಲಿ ಹಕಾರ ಬರುವುದು ಒಂದು ನಿಯಮ. ಪಾಲ್ ಹಾಲಾದ, ಪಲ್ ಹಲ್ಲಾದ ಕನ್ನಡದಲ್ಲಿ ಬೆಳೆದವರಿಗೆ ಹಕಾರದ ಈ ಆಟ ಬಿಡಿಸಿ ಹೇಳಬೇಕಾದದ್ದಲ್ಲ. ‘ಬೆರ್ಹ್ತ್’ ಸಂಸ್ಕೃತದ ‘ಭ್ರಾಜ್’ ಧಾತುವಿನ ದಾಯಾದಿ. ನಮ್ಮ ಕಾವ್ಯಗಳ ‘ಭ್ರಾಜಿಸು’, ‘ವಿಭ್ರಾಜಿತ’ ಎಂಬ ಮಾತುಗಳು ಅಲ್ಲಿಂದಲೇ ಬಂದವು. ಕೊನೆಯ ‘ಸನ್’ ಸಂಸ್ಕೃತದ ‘ಸೂನು’ವಿನ ಒಡಹುಟ್ಟು. ಆದ್ದರಿಂದ ರಾಬರ್ಟ್‌ಸನ್ ಎಂಬ ಹೆಸರನ್ನು ತುಂಡು ತುಂಡಾಗಿ ಬಿಡಿಸಿದರೆ ಕೀರ್ತಿ, ಭ್ರಾಜ, ಸೂನು ಎಂಬ ಮೂರು ಪದಗಳ ನಂಟು ಸಿಗುತ್ತದೆ. ಮೂರೂ ಸಂಸ್ಕೃತದವು, ಕೊನೆಗೆ ಅಂಟಿಸಿದ ‘ಪೇಟೆ’ ಒಂದೇ ನಮ್ಮ ದ್ರಾವಿಡದ್ದು.

ಹಾಗೆಂದು ಇದನ್ನು ‘ಕೀರ್ತಿಯಿಂದ ಹೊಳೆಯುವವನು’ ಎಂದು ಸಮಾಸ ಬಿಡಿಸಿದಂತೆ ಬಿಡಿಸಿಬಿಡುವುದು ನನಗೆ ಅಷ್ಟು ಸರಿಯೆನಿಸುವುದಿಲ್ಲ. ಹಳೆಯ ಜರ್ಮಾನಿಕ್ ಜನ ಮಕ್ಕಳಿಗೆ ಹೆಸರಿಡುವಾಗ ತಂದೆಯ ಹೆಸರಿನಿಂದ ಒಂದು ತುಂಡು, ತಾಯಿಯ ಅಥವಾ ಅಜ್ಜನ ಹೆಸರಿನಿಂದ ಇನ್ನೊಂದು ತುಂಡು ತೆಗೆದು ಜೋಡಿಸುವುದಿತ್ತು. ಎರಡೂ ಸೇರಿ ಅರ್ಥ ಕೊಡಲೇಬೇಕೆಂಬ ಹಟ ಇರಲಿಲ್ಲ. ಅಪ್ಪನ ಒಂದಕ್ಷರ, ಅಮ್ಮನ ಒಂದಕ್ಷರ ಕೂಡಿಸಿ ಈಗಿನವರು ಮಗುವಿಗೆ ಇಡುವ ಹೆಸರುಗಳನ್ನು ಕೇಳಿದಾಗ ನಾನು ಮುಖ ಸಿಂಡರಿಸುತ್ತಿದ್ದೆ. ಇದನ್ನು ಓದಿದ ಮೇಲೆ ಸುಮ್ಮನಿದ್ದೇನೆ.

ಡಾಬ್ಸ್‌ರ ಮೇಲಧಿಕಾರಿ ಕಬ್ಬನ್ ಅವರ ಹೆಸರನ್ನೂ ಇದೇ ಹುರುಪಿನಲ್ಲಿ ಹುಡುಕಿದೆ. ಚಿಕ್ಕಬಳ್ಳಾಪುರದ ನಂದಿಬೆಟ್ಟದ ಮೇಲೆ ಬೇಸಿಗೆಯ ಮನೆ ಕಟ್ಟಿಸಿಕೊಂಡಿದ್ದ ಆತ ಹುಟ್ಟಿದ್ದು ಬ್ರಿಟನ್ನಿಗೂ ಐರ್ಲೆಂಡಿಗೂ ನಡುವಿನ ಮ್ಯಾನ್ ದ್ವೀಪದಲ್ಲಿ. ಅಲ್ಲಿಯ ಮನೆತನದ ಹೆಸರುಗಳಲ್ಲಿ ‘ಮಗ’ ಎಂಬ ಅರ್ಥದ ‘ಮ್ಯಾಕ್’ ಸವೆದು ಸವೆದು, ಅದರ ಕೊನೆಯ ಕಕಾರವೊಂದೇ ಮುಂದಿನ ಹೆಸರಿಗೆ ಅಂಟಿ ಉಳಿಯುವುದುಂಟು. ‘ಮ್ಯಾಕ್ ಗಿಬ್ಬನ್’ ಹೀಗೆಯೇ ಕಬ್ಬನ್ ಆಯಿತು. ಗಿಬ್ಬನ್ ಎಂಬುದು ಗಿಲ್ಬರ್ಟ್‌ನ ಮುದ್ದಿನ ರೂಪ, ಗಿಲ್ಬರ್ಟ್ ಮತ್ತೆ ಜರ್ಮಾನಿಕ್: ‘ಗೀಸಿಲ್’ ಎಂದರೆ ಒತ್ತೆಯಾಳು, ‘ಬೆರ್ಹ್ತ್’ ಎಂದರೆ ಅದೇ ಹೊಳೆಯುವ. ನಂದಿಯ ಮೇಲಿನ ಕಬ್ಬನ್, ತುಮಕೂರು ರಸ್ತೆಯ ಡಾಬ್ಸ್, ಕೋಲಾರದ ರಾಬರ್ಟ್‌ಸನ್ ಮೂವರ ಹೆಸರಿನೊಳಗೂ ಒಂದೇ ‘ಭ್ರಾಜ’ ಅಡಗಿ ಕುಳಿತಿದೆ. ಡಾಬ್ಸ್‌ನಲ್ಲಿ ಅದರ ಕುರುಹಾಗಿ ಉಳಿದಿರುವುದು ಬಕಾರವೊಂದೇ.

ಊರಿನ ಫಲಕಗಳಲ್ಲಿ ಡಾಬಸ್, ದಾಬಸ್, ಡಾಬ್ಸ್ ಎಂದು ಬಗೆಬಗೆಯಾಗಿ ಬರೆದಿರುವುದನ್ನು ಕಂಡು ನಮ್ಮ ಮನೆಯವರು ಯಾವುದು ಸರಿ ಎಂದು ಕೇಳಿದರು. ಇಂಗ್ಲಿಷಿಗೆ ಹತ್ತಿರವಾದದ್ದು ಡಾಬ್ಸ್ ಎಂಬುದೇ. ಆದರೆ ಬಕಾರ ಸಕಾರಗಳ ಆ ಒತ್ತನ್ನು ಒಪ್ಪದ ಕನ್ನಡದ ನಾಲಿಗೆ ನಡುವೆ ಒಂದು ಅಕಾರವನ್ನು ತುಂಬಿ, ಡಕಾರವನ್ನು ದಕಾರವಾಗಿ ಮೆತ್ತಗೆ ಮಾಡಿ, ದಾಬಸ್‌ಪೇಟೆ ಎಂದುಕೊಂಡಿದೆ. ರಾಬ್ ಡಾಬ್ ಆದದ್ದೂ ಹೀಗೆ ಜನರ ಬಾಯಿಯಲ್ಲೇ ಆಗಿರುವುದರಿಂದ, ನಾನು ದಾಬಸ್‌ಪೇಟೆ ಎಂದೇ ಬರೆಯುತ್ತೇನೆ.