ಪಹಣಿಯ 11ನೇ ಕಾಲಂ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಜಮೀನಿನ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಜುಲೈ 15ರಂದು ಘೋಷಿಸಿದಾಗ, ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತ 13 ಹಳ್ಳಿಗಳ ರೈತರ ಜೊತೆ ನಾನೂ ಸಂತೋಷಪಟ್ಟೆ. ಆದರೆ ಆ ಘೋಷಣೆಯಿಂದ, ಕೈಗಾರಿಕೆಗೆಂದು ಈ ಜಮೀನು ಪಡೆಯಲು ಸರ್ಕಾರ ಬಳಸಿದ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಒಂದಕ್ಷರವೂ ಬದಲಾಗಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಈ ಕಾಯ್ದೆಯ ಸೆಕ್ಷನ್ 28(1)ರ ಅಡಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ಮೇಲೆ ರೈತನಿಗೆ ನೋಟಿಸ್ ಬರುತ್ತದೆ. ಅವನು ಆಕ್ಷೇಪಣೆ ಸಲ್ಲಿಸಬಹುದು. ಅಂತಿಮ ಅಧಿಸೂಚನೆ ಹೊರಡುವವರೆಗೆ ಕಾನೂನಿನ ದೃಷ್ಟಿಯಲ್ಲಿ ಜಮೀನು ಅವನದೇ. ವಾಸ್ತವ ಬೇರೆ. ಪಹಣಿಯಲ್ಲಿ ಹಕ್ಕು ಮತ್ತು ಋಣಗಳನ್ನು ನಮೂದಿಸುವ 11ನೇ ಕಾಲಂನಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರಿನ ಒಂದು ಸಾಲು ಸೇರಿತೆಂದರೆ, ದ್ರಾಕ್ಷಿ ಚಪ್ಪರಕ್ಕೋ ಹೊಸ ಕೊಳವೆ ಬಾವಿಗೋ ಸಾಲ ಕೇಳಲು ಹೋದವನ ಅರ್ಜಿ ಬ್ಯಾಂಕಿನಲ್ಲಿ ಆ ಸಾಲಿನ ಹತ್ತಿರವೇ ನಿಂತುಬಿಡುತ್ತದೆ. ಮಗಳ ಮದುವೆಗೆ ಅರ್ಧ ಎಕರೆ ಮಾರೋಣವೆಂದರೆ ಕೊಳ್ಳುವವರು ಹಿಂಜರಿಯುತ್ತಾರೆ. ಉಳುವ ಕೈ ಅವನದು, ನಿರ್ಧಾರ ಮಾತ್ರ ಅವನದಲ್ಲ. ಪರಿಹಾರದ ಮೊತ್ತದ ಬಗ್ಗೆ ಇಷ್ಟೊಂದು ಚರ್ಚಿಸುವ ನಾವು ಈ ಕಾಯುವಿಕೆಯ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ತೀರಾ ನೋವಿನ ಸಂಗತಿ.

ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆ ಇದಕ್ಕಿಂತ ಎಷ್ಟೋ ಮೇಲು. ಖಾಸಗಿ ಕಂಪನಿಗಾಗಿ ಜಮೀನು ಪಡೆಯುವುದಾದರೆ ಶೇ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು, ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು, ಪ್ರಾಥಮಿಕ ಅಧಿಸೂಚನೆಯಾದ 12 ತಿಂಗಳೊಳಗೆ ಘೋಷಣೆ ಹೊರಡಿಸದಿದ್ದರೆ ಸಾಮಾನ್ಯವಾಗಿ ಆ ಅಧಿಸೂಚನೆಯೇ ರದ್ದಾಗುತ್ತದೆ. 1966ರ ಕಾಯ್ದೆಯಲ್ಲಿ ಒಪ್ಪಿಗೆಯ ಷರತ್ತೂ ಇಲ್ಲ, ಎರಡು ಅಧಿಸೂಚನೆಗಳ ನಡುವೆ ಗಡುವೂ ಇಲ್ಲ; ಹೀಗೆ ಪಡೆದ ಜಮೀನು ಕೊನೆಗೆ ಸೇರುವುದು ಬಹುಪಾಲು ಖಾಸಗಿ ಉದ್ಯಮಗಳಿಗೇ.

ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯಿಂದ ಮೂಲಭೂತ ಹಕ್ಕಾಗಿ ಉಳಿಯಲಿಲ್ಲ, ನಿಜ. ಆದರೂ ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂದು ಸಂವಿಧಾನದ 300ಎ ವಿಧಿ ಹೇಳುತ್ತದೆ, ಮತ್ತು ಆ ಕಾನೂನು ನ್ಯಾಯಯುತವಾಗಿರಬೇಕೆಂದು ಕೇಳುವುದು ರೈತನ ಹಕ್ಕು. ಕೈಗಾರಿಕೆಗೆ ಜಮೀನೇ ಬೇಡವೆಂದು ನಾನು ವಾದಿಸುತ್ತಿಲ್ಲ. ಸ್ವಇಚ್ಛೆಯಿಂದ ಕೊಡುವವರು ಕೊಡಲಿ. ವಿಧಾನಮಂಡಲವು 1966ರ ಕಾಯ್ದೆಗೆ ಒಪ್ಪಿಗೆಯ ಷರತ್ತನ್ನೂ 12 ತಿಂಗಳ ಗಡುವನ್ನೂ ಸೇರಿಸಬೇಕು. ಗಡುವು ಮೀರಿದ ದಿನವೇ, ರೈತ ತಾಲ್ಲೂಕು ಕಚೇರಿಗೆ ಅಲೆಯದಂತೆ, 11ನೇ ಕಾಲಂನ ಆ ಸಾಲು ತಾನಾಗಿಯೇ ತೆಗೆದುಹಾಕಲ್ಪಡುವ ವ್ಯವಸ್ಥೆಯಾಗಬೇಕು.